ಗತಿಸಿದ ಹಿರಿಯರು ಮತ್ತು ಡಿಎನ್‌ಎ ಪರೀಕ್ಷೆ: ಏನು ಸಾಬೀತಾಗುತ್ತದೆ, ಏನು ಆಗುವುದಿಲ್ಲ

ಲಿಯೊನಾರ್ಡೊ ಡಾ ವಿಂಚಿಯ ವಂಶಸ್ಥರು ಡಿಎನ್‌ಎ ಪರೀಕ್ಷೆಯಿಂದ ಪತ್ತೆಯಾಗಿದ್ದಾರೆ ಎಂಬ ಸುದ್ದಿ 2025ರಲ್ಲಿ ಜಗತ್ತಿನಾದ್ಯಂತ ಹರಡಿತು. ತಲೆಬರಹವನ್ನಷ್ಟೇ ಓದಿದವರಿಗೆ, 1519ರಲ್ಲಿ ತೀರಿಕೊಂಡ ಆ ಕಲಾವಿದನ ಮೂಳೆಯನ್ನು ಹೊರತೆಗೆದು ಇಂದು ಬದುಕಿರುವವರ ರಕ್ತದೊಡನೆ ಹೋಲಿಸಿದ್ದಾರೆ ಎನಿಸಿದರೆ ಆಶ್ಚರ್ಯವಿಲ್ಲ. ನಡೆದದ್ದು ಬೇರೆ. ಸಂಶೋಧಕರು ಇಟಲಿಯ ಹಳೆಯ ದಾಖಲೆಗಳನ್ನು ಜಾಲಾಡಿ 1331ರಿಂದ ಇಳಿದುಬರುವ ವಂಶವೃಕ್ಷವನ್ನು ಸಿದ್ಧಪಡಿಸಿದರು. ಅದರಲ್ಲಿ ಗಂಡುಸಂತತಿಯ ಮೂಲಕವೇ ಮುಂದುವರಿದು ಈಗಲೂ ಬದುಕಿರುವ ಆರು ಪುರುಷರ ವೈ ಕ್ರೋಮೋಸೋಮನ್ನು, ಅಂದರೆ ತಂದೆಯಿಂದ ಮಗನಿಗೆ ಮಾತ್ರ ಸಾಗುವ ಡಿಎನ್‌ಎ ಭಾಗವನ್ನು, ಪರೀಕ್ಷಿಸಿದಾಗ ಅವು ಒಂದಕ್ಕೊಂದು ಹೊಂದಿದವು. ಲಿಯೊನಾರ್ಡೊನಿಗೆ ಮಕ್ಕಳಿದ್ದ ದಾಖಲೆಯಿಲ್ಲ. ಈ ಆರು ಜನ ಅವನ ತಂದೆಯ ಕಡೆಯ ವಂಶದವರು. ಅವನದೇ ಎಂದು ಖಚಿತವಾದ ಡಿಎನ್‌ಎ ಆ ಪರೀಕ್ಷೆಯಲ್ಲಿ ಇರಲೇ ಇಲ್ಲ.

ಈ ಗೊಂದಲವನ್ನು ಬಿಡಿಸಿಕೊಳ್ಳುವ ಅಗತ್ಯ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಓದುಗರಿಗೆ ಹೆಚ್ಚಾಗಿಯೇ ಇದೆ. ಕಿತ್ತೂರಿನ ಸರದಾರರ ಮನೆತನ, ಹಲಗಲಿಯ ಬೇಡರ ಮನೆತನ, ದೇಸಾಯರ ವಾಡೆ, ಆದಿಲಶಾಹಿ ದರಬಾರಿನಲ್ಲಿ ಸೇವೆಯಲ್ಲಿದ್ದ ಮನೆತನ ಎಂದು ಹೇಳಿಕೊಳ್ಳುವ ಕುಟುಂಬಗಳು ಈ ಮೂರೂ ಜಿಲ್ಲೆಗಳಲ್ಲಿವೆ. ಒಂದು ಶೀಶೆಯಲ್ಲಿ ಉಗುಳು ಹಾಕಿ ಕಳಿಸಿದರೆ ಇಂಥ ಮಾತುಗಳೆಲ್ಲ ಇತ್ಯರ್ಥವಾಗಿಬಿಡುತ್ತವೆ ಎಂಬ ನಂಬಿಕೆ ಈಗ ಬೆಳೆಯುತ್ತಿದೆ. ಆ ನಂಬಿಕೆಯಲ್ಲಿ ಸ್ವಲ್ಪ ನಿಜವೂ ಬಹಳಷ್ಟು ತಪ್ಪು ತಿಳಿವಳಿಕೆಯೂ ಬೆರೆತಿವೆ. ಡಿಎನ್‌ಎ ಪರೀಕ್ಷೆ ಒಂದು ವಂಶಾವಳಿಯನ್ನು ಅಲ್ಲಗಳೆಯುವುದರಲ್ಲಿ ಎಷ್ಟು ಬಲವಾದದ್ದೋ, ನೂರಾರು ವರ್ಷ ಹಿಂದಿನ ಒಬ್ಬ ನಿರ್ದಿಷ್ಟ ವ್ಯಕ್ತಿಯೊಡನೆ ಸಂಬಂಧವನ್ನು ಸ್ಥಾಪಿಸುವುದರಲ್ಲಿ ಅಷ್ಟೇ ದುರ್ಬಲವಾದದ್ದು ಎಂಬುದು ಈ ಲೇಖನದ ವಾದ.

ಪರೀಕ್ಷೆ ನೋಡುವುದು ಏನನ್ನು

ಮನುಷ್ಯನ ದೇಹದಲ್ಲಿರುವ ಡಿಎನ್‌ಎ ಒಂದೇ ದಾರಿಯಲ್ಲಿ ಹರಿದುಬಂದದ್ದಲ್ಲ. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಮಾತ್ರ, ಬಹುತೇಕ ಬದಲಾಗದೆ ಸಾಗುತ್ತದೆ. ಜೀವಕೋಶದೊಳಗಿನ ಪುಟ್ಟ ಅಂಗವಾದ ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಆದರೆ ಮುಂದಿನ ತಲೆಮಾರಿಗೆ ದಾಟುವುದು ಹೆಣ್ಣುಮಕ್ಕಳ ಮೂಲಕ ಮಾತ್ರ. ಉಳಿದ 22 ಜೋಡಿ ಕ್ರೋಮೋಸೋಮುಗಳು ತಂದೆತಾಯಿ ಇಬ್ಬರಿಂದಲೂ ಅರ್ಧರ್ಧ ಬಂದು, ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಬೆರೆಯುತ್ತವೆ.

ಮೊದಲ ಎರಡು ದಾರಿಗಳು ಬಹಳ ಹಿಂದಕ್ಕೆ ಹೋಗುತ್ತವೆ, ಆದರೆ ತೀರ ಕಿರಿದಾದ ದಾರಿಗಳು. ತಂದೆಯ ತಂದೆಯ ತಂದೆ ಎಂದು ಏರುತ್ತ ಹೋಗುವ ಒಂದು ಸಾಲು, ತಾಯಿಯ ತಾಯಿಯ ತಾಯಿ ಎಂದು ಏರುವ ಇನ್ನೊಂದು ಸಾಲು. ನಡುವೆ ಇರುವ ಉಳಿದೆಲ್ಲ ಹಿರಿಯರು ಈ ಎರಡು ಪರೀಕ್ಷೆಗಳಿಗೆ ಕಾಣುವುದೇ ಇಲ್ಲ. ತಾಯಿಯ ತಂದೆಯ ಕಡೆಯಿಂದ ವೀರನೊಬ್ಬನ ವಂಶಕ್ಕೆ ಸೇರಿದವರಿಗೆ ವೈ ಕ್ರೋಮೋಸೋಮಿನಿಂದಲೂ ಮೈಟೊಕಾಂಡ್ರಿಯದಿಂದಲೂ ಉತ್ತರ ಸಿಗುವುದಿಲ್ಲ.

ಕಿತ್ತೂರು ರಾಣಿ ಚೆನ್ನಮ್ಮನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಕಾಕತಿಯ ದೇಸಾಯರ ಮನೆಯಿಂದ ಬಂದ ಆಕೆ ಮಲ್ಲಸರ್ಜನ ಕಿರಿಯ ರಾಣಿ. ಆಕೆಯ ಸ್ವಂತ ಮಗ ಬದುಕಿ ಉಳಿಯಲಿಲ್ಲ. ಪಟ್ಟಕ್ಕೆ ಬಂದ ಶಿವಲಿಂಗರುದ್ರಸರ್ಜ ಹಿರಿಯ ರಾಣಿ ರುದ್ರಮ್ಮನ ಮಗ, ಅವನ ನಂತರ ಹಕ್ಕುದಾರನಾದ ಶಿವಲಿಂಗಪ್ಪ ದತ್ತಕಪುತ್ರ. ಎಂದರೆ ಕಿತ್ತೂರು ಅರಸುಮನೆತನದ ಯಾರ ಡಿಎನ್‌ಎಯನ್ನು ಪರೀಕ್ಷಿಸಿದರೂ ಅದರಲ್ಲಿ ಚೆನ್ನಮ್ಮನ ನೇರ ಪಾಲು ಸಿಗಲಾರದು. ಆಕೆಯ ಮೈಟೊಕಾಂಡ್ರಿಯದ ಸಾಲು ಎಲ್ಲಾದರೂ ಉಳಿದಿದ್ದರೆ, ಅದು ಆಕೆಯ ತಾಯಿಯ ಕಡೆಯ ಹೆಣ್ಣುಸಂತತಿಯಲ್ಲಿ, ಬಹುಶಃ ಕಿತ್ತೂರಿನ ಹೆಸರನ್ನೇ ಹೇಳಿಕೊಳ್ಳದ ಮನೆಗಳಲ್ಲಿ ಇರಬೇಕು.

ತಲೆಮಾರು ಏರಿದಂತೆ ಪಾಲು ಕರಗುತ್ತದೆ

ಮೂರನೆಯ ದಾರಿ, ಅಂದರೆ ತಂದೆತಾಯಿ ಇಬ್ಬರಿಂದಲೂ ಬೆರೆತು ಬರುವ ಡಿಎನ್‌ಎ, ಎಲ್ಲ ಹಿರಿಯರನ್ನೂ ತಲುಪಬಲ್ಲದು. ಅದರ ತೊಂದರೆ ದೂರದ್ದು. ಅಜ್ಜನಿಂದ ಬರುವ ಪಾಲು ಸರಾಸರಿ ಶೇ. 25, ಮುತ್ತಜ್ಜನಿಂದ ಶೇ. 12.5. 1824ರ ಕಿತ್ತೂರು ಯುದ್ಧದಿಂದ ಇಲ್ಲಿಯವರೆಗೆ ಏಳೆಂಟು ತಲೆಮಾರು ಕಳೆದಿವೆ. ಎಂಟನೆಯ ತಲೆಮಾರಿನಲ್ಲಿ ಒಬ್ಬ ವ್ಯಕ್ತಿಗೆ ಲೆಕ್ಕದ ಪ್ರಕಾರ 256 ಹಿರಿಯರಿರುತ್ತಾರೆ, ಅವರಲ್ಲಿ ಒಬ್ಬೊಬ್ಬರ ಪಾಲು ಸರಾಸರಿ ಶೇ. 0.4ರಷ್ಟು. ವಿಜಯಪುರ ಔರಂಗಜೇಬನ ವಶವಾದ 1686ರವರೆಗೆ ಹೋದರೆ ಹನ್ನೆರಡು ತಲೆಮಾರಿಗೂ ಮೇಲಾಗುತ್ತದೆ, ಹಿರಿಯರ ಲೆಕ್ಕ 4,096ನ್ನು ಮುಟ್ಟುತ್ತದೆ.

ಸರಾಸರಿಯ ಹಿಂದೆ ಇನ್ನೊಂದು ಸಂಗತಿ ಅಡಗಿದೆ. ಡಿಎನ್‌ಎ ಪುಡಿಪುಡಿಯಾಗಿ ಸಮನಾಗಿ ಹಂಚಿಕೆಯಾಗುವುದಿಲ್ಲ, ದೊಡ್ಡ ದೊಡ್ಡ ತುಂಡುಗಳಾಗಿ ಸಾಗುತ್ತದೆ. ಆದ್ದರಿಂದ ಮುತ್ತಾತನ ಹೊಲ ತಲೆಮಾರಿನಿಂದ ತಲೆಮಾರಿಗೆ ಪಾಲಾಗುತ್ತ ಹೋದಾಗ ಕೊನೆಗೆ ಕೆಲವರಿಗೆ ಒಂದು ಪಟ್ಟಿಯೂ ಬಾರದಂತಾಗುವ ಹಾಗೆ, ಹತ್ತು ತಲೆಮಾರಿನ ಹಿಂದಿನ ಹಿರಿಯರಲ್ಲಿ ಸುಮಾರು ಅರ್ಧದಷ್ಟು ಜನರಿಂದ ಇಂದಿನ ವ್ಯಕ್ತಿಗೆ ಒಂದು ತುಂಡೂ ಬಂದಿರುವುದಿಲ್ಲ. ಅವರು ಅವನ ಹಿರಿಯರು ಎಂಬುದು ಸುಳ್ಳಾಗುವುದಿಲ್ಲ, ಅವರ ಗುರುತು ಅವನ ದೇಹದಲ್ಲಿ ಉಳಿದಿಲ್ಲ ಅಷ್ಟೆ.

ಈ ವಿಧಾನದ ಗೆಲುವಿನ ಉದಾಹರಣೆಯೂ ಅದರ ಮಿತಿಯನ್ನೇ ತೋರಿಸುತ್ತದೆ. ಅಮೆರಿಕದ ಮೂಲನಿವಾಸಿ ನಾಯಕ ಸಿಟಿಂಗ್ ಬುಲ್ 1890ರಲ್ಲಿ ಹತ್ಯೆಯಾದ. ಅವನ ಕೂದಲಿನ ಒಂದು ಎಳೆಗಟ್ಟು ವಸ್ತುಸಂಗ್ರಹಾಲಯದಲ್ಲಿ ಉಳಿದಿತ್ತು. ತನ್ನ ತಾಯಿಯ ಕಡೆಯಿಂದ ಅವನ ಮರಿಮಗ ಎಂದು ಹೇಳಿಕೊಂಡಿದ್ದವರ ಡಿಎನ್‌ಎಯನ್ನು ಆ ಕೂದಲಿನಿಂದ ದೊರೆತ ಅಲ್ಪಸ್ವಲ್ಪ ತುಣುಕುಗಳೊಡನೆ ಹೋಲಿಸಿ, ಸಂಬಂಧ ನಿಜವೆಂದು 2021ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದು ಮಹತ್ವದ ಸಾಧನೆಯೇ. ಆದರೆ ಅಲ್ಲಿ ಇದ್ದದ್ದು ಮೂರೇ ತಲೆಮಾರಿನ ಅಂತರ, ಮತ್ತು ಗತಿಸಿದವನದೇ ಎಂದು ದಾಖಲೆಯುಳ್ಳ ಕೂದಲು.

ನೆಂಟಸ್ತನವೇ ಲೆಕ್ಕವನ್ನು ಕೆಡಿಸುವಾಗ

ವಿದೇಶಿ ಕಂಪನಿಗಳು ಮಾರುವ ಪರೀಕ್ಷೆಗಳು, ಇಬ್ಬರು ಎಷ್ಟು ಡಿಎನ್‌ಎ ಹಂಚಿಕೊಂಡಿದ್ದಾರೆ ಎಂದು ಅಳೆದು, ಅವರು ಎಷ್ಟನೆಯ ತಲೆಮಾರಿನ ದಾಯಾದಿಗಳು ಎಂದು ಅಂದಾಜು ಹೇಳುತ್ತವೆ. ತಂದೆತಾಯಿಯ ಹಿರಿಯರು ಬೇರೆಬೇರೆಯವರು ಎಂಬ ಊಹೆ ಆ ಅಂದಾಜಿನ ಬುಡದಲ್ಲಿದೆ. ಉತ್ತರ ಕರ್ನಾಟಕದಲ್ಲಿ ಆ ಊಹೆ ನಿಲ್ಲುವುದಿಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಕೊಡುವುದು ಇಲ್ಲಿ ಹಳೆಯ ರೂಢಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಕಾಲುಭಾಗಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೆ ನಡೆದವು ಎಂದು ಕಂಡುಬಂದಿದೆ. ಸೋದರಮಾವನೇ ಗಂಡನಾದಾಗ ಮಕ್ಕಳ ಪಾಲಿಗೆ ಒಬ್ಬರೇ ಹಿರಿಯರು ಎರಡು ದಾರಿಯಿಂದ ಬರುತ್ತಾರೆ. ನಾಲ್ಕಾರು ತಲೆಮಾರು ಹೀಗೇ ನಡೆದರೆ 256 ಎಂದು ಎಣಿಸಿದ ಹಿರಿಯರ ಸಂಖ್ಯೆ ಬಹಳ ಕುಗ್ಗುತ್ತದೆ.

ಬೆಡಗು (ಜಾತಿಯೊಳಗಿನ ಕುಲ) ಬಿಟ್ಟು, ಜಾತಿಯೊಳಗೇ ಮದುವೆಯಾಗುವ ನಿಯಮ ಇದಕ್ಕೆ ಸೇರಿಕೊಳ್ಳುತ್ತದೆ. ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಅಧ್ಯಯನ ಮಾಡಿದ 2017ರ ಒಂದು ಸಂಶೋಧನೆ, ಅವುಗಳಲ್ಲಿ 81 ಸಮುದಾಯಗಳು ಬಹಳ ಹಿಂದೆ ಕೆಲವೇ ಪೂರ್ವಜರಿಂದ ಬೆಳೆದು ಬಂದದ್ದರ ಗುರುತು, ಫಿನ್‌ಲೆಂಡಿನ ಜನರಲ್ಲಿ ಮತ್ತು ಯುರೋಪಿನ ಅಶ್ಕೆನಾಜಿ ಯೆಹೂದ್ಯರಲ್ಲಿ ಕಾಣುವುದಕ್ಕಿಂತಲೂ ತೀವ್ರವಾಗಿದೆ ಎಂದು ತೋರಿಸಿತು. ಇದರ ಪರಿಣಾಮ ನೇರವಾದದ್ದು. ಒಂದೇ ಸಮುದಾಯದ ಇಬ್ಬರು, ಹತ್ತಿರದ ಕಳ್ಳುಬಳ್ಳಿ ಏನೂ ಇಲ್ಲದಿದ್ದರೂ, ಪರೀಕ್ಷೆಯಲ್ಲಿ ಹತ್ತಿರದ ದಾಯಾದಿಗಳಂತೆ ಕಾಣುತ್ತಾರೆ. ವೀರನ ಮನೆತನದವರೊಬ್ಬರ ಜತೆ ಡಿಎನ್‌ಎ ಹೊಂದಿತು ಎಂದು ಸಂತೋಷಪಡುವವರ ಅಕ್ಕಪಕ್ಕದ ಹತ್ತು ಮನೆಯವರನ್ನು ಪರೀಕ್ಷಿಸಿದರೂ ಹೆಚ್ಚುಕಡಿಮೆ ಅಷ್ಟೇ ಹೊಂದಿಕೆ ಬರುವ ಸಂಭವವಿದೆ.

ಹೋಲಿಕೆಗೆ ಬೇಕಾದ ಆಧಾರವೂ ತೆಳುವಾಗಿದೆ. ಜಗತ್ತಿನ ವಿಜ್ಞಾನಿಗಳು ಬಹಳ ಕಾಲ ಬಳಸಿದ ಸಾವಿರ ಜೀನೋಮ್‌ಗಳ (ಜೀನೋಮ್ ಎಂದರೆ ಒಬ್ಬರ ಸಂಪೂರ್ಣ ಡಿಎನ್‌ಎ) ಸಂಗ್ರಹದಲ್ಲಿ ಗುಜರಾತಿ, ತೆಲುಗು, ಶ್ರೀಲಂಕಾದ ತಮಿಳು, ಬಂಗಾಳಿ, ಪಂಜಾಬಿ ಗುಂಪುಗಳಿವೆ, ಕನ್ನಡಿಗರ ಗುಂಪು ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿದೆ. ಕೊರತೆ ಇದರಿಂದ ನಿಧಾನವಾಗಿ ತುಂಬಬಹುದು, ಆದರೆ ಅದು ರೋಗಗಳ ಅಧ್ಯಯನಕ್ಕಾಗಿ ಕೂಡಿಟ್ಟ ಮಾಹಿತಿ, ವಂಶಾವಳಿ ಹೊಂದಿಸುವುದಕ್ಕಲ್ಲ.

ಮೂಳೆ ಇದ್ದರೆ ತಾನೇ ಹೋಲಿಕೆ

ಗತಿಸಿದವರ ಡಿಎನ್‌ಎಯೊಡನೆ ನೇರವಾಗಿ ಹೋಲಿಸಬೇಕಾದರೆ ಮೂಳೆ, ಹಲ್ಲು ಅಥವಾ ಕೂದಲು ಬೇಕು. ಚಿತೆಯ ಬೆಂಕಿಯಲ್ಲಿ ಡಿಎನ್‌ಎ ಬಹುತೇಕ ನಾಶವಾಗುತ್ತದೆ, ಆದ್ದರಿಂದ ಸುಡುವ ಪದ್ಧತಿಯ ಕುಟುಂಬಗಳಿಗೆ ಈ ದಾರಿ ಮುಚ್ಚಿದ ಹಾಗೆಯೇ. ಲಿಂಗಾಯತರಲ್ಲಿ ಮತ್ತು ಮುಸ್ಲಿಮರಲ್ಲಿ, ಇನ್ನೂ ಹಲವು ಸಮುದಾಯಗಳಲ್ಲಿ ಮಣ್ಣು ಮಾಡುವ ರೂಢಿಯಿದೆ. ಬೈಲಹೊಂಗಲದಲ್ಲಿ 1829ರಲ್ಲಿ ಲಿಂಗೈಕ್ಯಳಾದ ಚೆನ್ನಮ್ಮನ ಸಮಾಧಿಯಿದೆ, ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಯಿದೆ.

ಹಾಗೆಂದು ಮಣ್ಣಿನಲ್ಲಿ ಇಟ್ಟದ್ದೆಲ್ಲ ಉಳಿಯುವುದಿಲ್ಲ. ಡಿಎನ್‌ಎಯನ್ನು ಕಾಪಾಡುವುದು ತಂಪು ಮತ್ತು ಒಣಹವೆ. ಕೆಡಿಸುವುದು ಬಿಸಿಲು, ತೇವ ಮತ್ತು ಆಮ್ಲೀಯ ಮಣ್ಣು. ಖಾನಾಪುರ ತಾಲ್ಲೂಕಿನ ಕಡೆಗೆ ಜಡಿಮಳೆ ಮತ್ತು ಕೆಂಪು ಜಂಬಿಟ್ಟಿಗೆ ಮಣ್ಣು, ವಿಜಯಪುರದ ಕಡೆಗೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಮತ್ತು ವರ್ಷಕ್ಕೊಮ್ಮೆ ನೆನೆದು ಹಿಗ್ಗಿ ಒಣಗಿ ಬಿರಿಯುವ ಎರೆಮಣ್ಣು. ಹರಿಯಾಣದ ರಾಖಿಗಢಿಯಲ್ಲಿ ಅರುವತ್ತಕ್ಕೂ ಹೆಚ್ಚು ಅಸ್ಥಿ ಮಾದರಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಬಳಸಬಹುದಾದ ಡಿಎನ್‌ಎ ದೊರೆತದ್ದು ಒಬ್ಬ ಹೆಣ್ಣುಮಗಳ ಅಸ್ಥಿಯಿಂದ ಮಾತ್ರ ಎಂದು 2019ರಲ್ಲಿ ಪ್ರಕಟವಾಯಿತು. ಅವು ನಾಲ್ಕು ಸಾವಿರ ವರ್ಷಕ್ಕೂ ಹಳೆಯವು, ಇನ್ನೂರು ವರ್ಷದ ಮೂಳೆಗಳಲ್ಲಿ ಅವಕಾಶ ಹೆಚ್ಚು ಎಂಬುದು ನಿಜ. ಖಾತರಿ ಮಾತ್ರ ಇಲ್ಲ.

ಕೆಲಸದ ರೀತಿಯೂ ಬಹಳ ಸೂಕ್ಷ್ಮವಾದದ್ದು. ಕಿವಿಯ ಒಳಭಾಗವನ್ನು ಸುತ್ತುವರಿದಿರುವ ತಲೆಬುರುಡೆಯ ಗಟ್ಟಿ ಮೂಳೆಯಲ್ಲಿ ಡಿಎನ್‌ಎ ಚೆನ್ನಾಗಿ ಉಳಿದಿರುತ್ತದೆ ಎಂಬ ಕಾರಣಕ್ಕೆ ಅದನ್ನು ಕೊರೆದು ಪುಡಿ ತೆಗೆಯುತ್ತಾರೆ. ತೆಗೆಯುವವರು ಮೈತುಂಬ ಮುಚ್ಚುವ ಉಡುಪು, ಕೈಗವಸು, ಮುಖಗವಸು ಹಾಕಿಕೊಂಡು, ಗಾಳಿಯನ್ನೂ ಶೋಧಿಸಿ ಬಿಡುವ ಕೋಣೆಯಲ್ಲಿ ಕೂರುತ್ತಾರೆ. ಹಳೆಯ ಮೂಳೆಯಲ್ಲಿ ಉಳಿದ ಡಿಎನ್‌ಎ ಅತ್ಯಲ್ಪ, ಮುಟ್ಟಿದವರ ಬೆವರು ಉಗುಳಿನಲ್ಲಿರುವುದು ಅಪಾರ. ವಂಶಸ್ಥರು ಎಂದು ಹೇಳಿಕೊಳ್ಳುವವರೇ ಭಕ್ತಿಯಿಂದ ಅಸ್ಥಿಯನ್ನು ಎತ್ತಿ, ತೊಳೆದು, ಬಟ್ಟೆಯಲ್ಲಿ ಕಟ್ಟಿ ಪ್ರಯೋಗಾಲಯಕ್ಕೆ ಕೊಟ್ಟರೆ, ಪರೀಕ್ಷೆಯಲ್ಲಿ ಅವರದೇ ಡಿಎನ್‌ಎ ಅವರೊಡನೆ ಹೊಂದಿಬಿಡುವ ಅಪಾಯವಿದೆ.

ಎಲ್ಲವೂ ಸರಿಯಾಗಿ ನಡೆದಾಗ ಬರುವ ಉತ್ತರ ಎಂಥದ್ದು ಎಂಬುದಕ್ಕೆ ಬೆಳಗಾವಿಗೆ ಹತ್ತಿರದಲ್ಲೇ, ಚೋರ್ಲಾ ಘಾಟ್ ಇಳಿದರೆ ಸಿಗುವ ಹಳೆ ಗೋವೆಯಲ್ಲಿ ಒಂದು ನಿದರ್ಶನವಿದೆ. ಜಾರ್ಜಿಯಾ ದೇಶದ ರಾಣಿ ಕೆಟೆವಾನ್ 1624ರಲ್ಲಿ ಪರ್ಷಿಯಾದ ಶಿರಾಜ್‌ನಲ್ಲಿ ಕೊಲ್ಲಲ್ಪಟ್ಟಳು. ಆಕೆಯ ಅಸ್ಥಿಯನ್ನು ಪಾದ್ರಿಗಳು ಗೋವೆಯ ಸಂತ ಅಗಸ್ಟೀನ್ ಮಠಕ್ಕೆ ತಂದಿಟ್ಟರು ಎಂದು ಪೋರ್ಚುಗೀಸ್ ಬರಹಗಳಲ್ಲಿತ್ತು. ಆ ಬರಹಗಳಲ್ಲಿ ಹೇಳಿದ ಜಾಗದ ಸುಳಿವು ಹಿಡಿದು ಪುರಾತತ್ವ ಇಲಾಖೆ ನಡೆಸಿದ ಉತ್ಖನನದಲ್ಲಿ ಮೂಳೆ ದೊರೆಯಿತು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಅದರ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಪರೀಕ್ಷಿಸಿದಾಗ, ಭಾರತದ 22,000ಕ್ಕೂ ಹೆಚ್ಚು ಜನರ ಮಾದರಿಗಳಲ್ಲಿ ಕಾಣದ, ಜಾರ್ಜಿಯಾದಲ್ಲಿ ಕಾಣುವ ಒಂದು ಬಗೆ ಅದರಲ್ಲಿತ್ತು. ಅಸ್ಥಿಯನ್ನು 2021ರಲ್ಲಿ ಜಾರ್ಜಿಯಾಕ್ಕೆ ಒಪ್ಪಿಸಲಾಯಿತು. ಇಲ್ಲಿ ಡಿಎನ್‌ಎ ಹೇಳಿದ್ದು, ಈ ಮೂಳೆ ಭಾರತದವರದಲ್ಲ, ಜಾರ್ಜಿಯಾದ ಕಡೆಯ ವ್ಯಕ್ತಿಯದು ಎಂದು. ಅದು ರಾಣಿಯದೇ ಎಂಬ ತೀರ್ಮಾನಕ್ಕೆ ಬಲ ಬಂದದ್ದು ಬರಹ, ಜಾಗ ಮತ್ತು ಡಿಎನ್‌ಎ ಮೂರೂ ಒಂದೇ ಕಡೆ ಬೆರಳು ಮಾಡಿದ್ದರಿಂದ.

ಪಂಜಾಬಿನ ಅಜ್ನಾಲಾದಲ್ಲಿ ಇದರ ಕಹಿ ಮುಖ ಕಂಡಿತು. 1857ರಲ್ಲಿ ಕೊಲ್ಲಲ್ಪಟ್ಟ ಸಿಪಾಯಿಗಳ ಅಸ್ಥಿಗಳನ್ನು 2014ರಲ್ಲಿ ಹಳೆಯ ಬಾವಿಯೊಂದರಿಂದ ತೆಗೆದದ್ದು ತರಬೇತಿಯಿಲ್ಲದ ಉತ್ಸಾಹಿಗಳು. ಬಹಳಷ್ಟು ಮೂಳೆಗಳು ಮುರಿದು ಕಲಸಿಹೋದವು. 2022ರಲ್ಲಿ ಪ್ರಕಟವಾದ ಅಧ್ಯಯನ ಅವರು ಗಂಗಾ ಬಯಲಿನ ಕಡೆಯವರು ಎಂದು ತೋರಿಸಿತು, ಆದರೆ ಯಾರ ಅಸ್ಥಿ ಯಾವ ಮನೆತನಕ್ಕೆ ಸೇರಿದ್ದು ಎಂದು ಹೇಳಲು ಆಗಲಿಲ್ಲ.

ವಿಜಯಪುರದ ಸಾಠ್ ಕಬರ್ ಇನ್ನೊಂದು ಬಗೆಯ ಮಿತಿಯನ್ನು ನೆನಪಿಸುತ್ತದೆ. ಅಫಜಲಖಾನ ಯುದ್ಧಕ್ಕೆ ಹೊರಡುವ ಮುನ್ನ ತನ್ನ ಹೆಂಡಂದಿರನ್ನೆಲ್ಲ ಕೊಂದು ಅಲ್ಲಿ ಹೂಳಿಸಿದ ಎಂಬ ಕಥೆ ಜನಜನಿತ. ಅಲ್ಲಿಯ ಅಸ್ಥಿಗಳು ಹೆಂಗಸರವೇ, ಅವರಲ್ಲಿ ಯಾರಾದರೂ ಅಕ್ಕತಂಗಿಯರೇ ಎಂಬುದನ್ನು ಡಿಎನ್‌ಎ ಹೇಳಬಹುದು. ಅವರು ಒಬ್ಬನ ಹೆಂಡಂದಿರೇ ಎಂದು ಯಾವ ಪ್ರಯೋಗಾಲಯವೂ ಹೇಳಲಾರದು, ಏಕೆಂದರೆ ದಾಂಪತ್ಯ ಡಿಎನ್‌ಎಯಲ್ಲಿ ಗುರುತು ಉಳಿಸುವುದಿಲ್ಲ.

ಎಳೆ ತುಂಡಾಗಿದೆ, ಆದರೆ ಎಲ್ಲಿ?

ಇಂಗ್ಲೆಂಡಿನ ದೊರೆ ಮೂರನೆಯ ರಿಚರ್ಡ್ 1485ರಲ್ಲಿ ಯುದ್ಧದಲ್ಲಿ ಸತ್ತ. 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಕೆಳಗೆ ಒಂದು ಅಸ್ಥಿಪಂಜರ ಸಿಕ್ಕಿತು. ಅವನ ಅಕ್ಕನ ಹೆಣ್ಣುಸಂತತಿಯಿಂದ ಬಂದ, ಈಗ ಬದುಕಿರುವ ಇಬ್ಬರ ಮೈಟೊಕಾಂಡ್ರಿಯದ ಡಿಎನ್‌ಎ ಅದರೊಡನೆ ಹೊಂದಿತು. ಬಾಗಿದ ಬೆನ್ನೆಲುಬು, ಯುದ್ಧದ ಗಾಯಗಳು, ಸತ್ತ ಕಾಲ ಎಲ್ಲವನ್ನೂ ಸೇರಿಸಿ ಅದು ರಿಚರ್ಡನದೇ ಎಂದು 2014ರಲ್ಲಿ ತೀರ್ಮಾನಿಸಿದರು. ಅದೇ ಅಧ್ಯಯನದಲ್ಲಿ, ದಾಖಲೆಗಳ ಪ್ರಕಾರ ಅವನದೇ ಗಂಡುಸಾಲಿಗೆ ಸೇರಿದ ಐವರು ಪುರುಷರ ವೈ ಕ್ರೋಮೋಸೋಮ್ ಅವನೊಡನೆ ಹೊಂದಲಿಲ್ಲ. ಆ ಐವರಲ್ಲಿಯೂ ಒಬ್ಬನದು ಉಳಿದ ನಾಲ್ವರಿಗಿಂತ ಬೇರೆಯಾಗಿತ್ತು.

ಸಂಗೀತಗಾರ ಬೀಥೋವನ್‌ನ ವಿಷಯದಲ್ಲೂ ಹೀಗೇ ಆಯಿತು. ಅವನ ಕೂದಲಿನಿಂದ ತೆಗೆದ ವೈ ಕ್ರೋಮೋಸೋಮ್, ಬೆಲ್ಜಿಯಂನಲ್ಲಿ ಅದೇ ಮನೆತನದ ಹೆಸರಿರುವ ಐವರು ಪುರುಷರೊಡನೆ ಹೊಂದುವುದಿಲ್ಲ ಎಂದು 2023ರಲ್ಲಿ ತಿಳಿಯಿತು. ಹದಿನಾರನೆಯ ಶತಮಾನದಿಂದ ಬೀಥೋವನ್ ಹುಟ್ಟಿದ 1770ರವರೆಗಿನ ಯಾವುದೋ ಒಂದು ತಲೆಮಾರಿನಲ್ಲಿ ದಾಖಲೆಯ ತಂದೆಯೇ ಬೇರೆ, ಹುಟ್ಟಿಸಿದ ತಂದೆಯೇ ಬೇರೆ. ಯಾವ ತಲೆಮಾರು ಎಂದು ತಿಳಿಯುವುದಿಲ್ಲ.

ಹೊಂದಿದರೂ ಸಂದೇಹ ಉಳಿಯುತ್ತದೆ. ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಳ ಮಗನ ತಂದೆಯೇ ಎಂಬ ವಿವಾದದಲ್ಲಿ, 1998ರ ಪರೀಕ್ಷೆ ಆ ಮಗನ ವಂಶದ ವೈ ಕ್ರೋಮೋಸೋಮ್ ಜೆಫರ್ಸನ್ ಮನೆತನದ್ದೇ ಎಂದು ತೋರಿಸಿತು. ತಂದೆ ಥಾಮಸನೋ, ಅವನ ತಮ್ಮನೋ ಎಂಬುದನ್ನು ಅದು ಬಿಡಿಸಲಾರದು, ಅಣ್ಣತಮ್ಮಂದಿರ ವೈ ಒಂದೇ ಆಗಿರುತ್ತದೆ. ಥಾಮಸನೇ ಎಂದು ಇತಿಹಾಸಕಾರರು ಒಪ್ಪಿದ್ದು, ಹೆಮಿಂಗ್ಸ್‌ಳ ಹೆರಿಗೆಗಳ ಕಾಲಕ್ಕೂ ಅವನು ಊರಿನಲ್ಲಿದ್ದ ಕಾಲಕ್ಕೂ ತಾಳೆ ನೋಡಿದ ಮೇಲೆ. ನಮ್ಮ ಕಡೆಯ ಯಾವ ವಾಡೆಯ ವಿಷಯದಲ್ಲಾದರೂ ವೈ ಪರೀಕ್ಷೆ ಮಾಡಿದರೆ ಇಷ್ಟೇ ಉತ್ತರ ಬರುತ್ತದೆ: ಈ ಗಂಡುಸಾಲಿಗೆ ಸೇರಿದವರು, ಆದರೆ ಯಾರ ಮಗ ಎಂದು ಗೊತ್ತಿಲ್ಲ.

ದತ್ತಕ, ಮನೆಅಳಿಯ, ಬಸವಿ

ಈ ಭಾಗದಲ್ಲಿ ಎಳೆ ತುಂಡಾದದ್ದಕ್ಕೆಲ್ಲ ಗುಟ್ಟಿನ ಸಂಬಂಧವೇ ಕಾರಣ ಎಂದು ಭಾವಿಸಿದರೆ ದೊಡ್ಡ ಅನ್ಯಾಯವಾಗುತ್ತದೆ. ಇಲ್ಲಿಯ ಮನೆತನಗಳು ಮುಂದುವರಿದದ್ದು ಹೆರಿಗೆಯಿಂದ ಮಾತ್ರವಲ್ಲ. ಗಂಡುಮಕ್ಕಳಿಲ್ಲದ ಮನೆಯವರು ದತ್ತಕ ತೆಗೆದುಕೊಂಡರು. ಕೆಲವರು ಮಗಳನ್ನು ಮನೆಯಲ್ಲೇ ಉಳಿಸಿಕೊಂಡು ಮನೆಅಳಿಯನನ್ನು ತಂದರು. ಅವರ ಮಕ್ಕಳು ತಾಯಿಯ ತಂದೆಯ ಅಡ್ಡಹೆಸರನ್ನೇ ಹೊತ್ತರು, ವೈ ಕ್ರೋಮೋಸೋಮ್ ಮಾತ್ರ ಅಳಿಯನದಾಯಿತು. ದೇವರಿಗೆ ಬಿಟ್ಟ ಮಗಳು ಬಸವಿಯಾಗಿ ತವರಿನಲ್ಲೇ ಉಳಿದು, ಮಗನಂತೆ ಆಸ್ತಿ ಪಡೆದು, ಆಕೆಯ ಮಕ್ಕಳಿಂದ ಮನೆತನ ಮುಂದುವರಿದದ್ದೂ ಇದೆ. ಆ ಪದ್ಧತಿ ಹೆಣ್ಣುಮಕ್ಕಳಿಗೆ ಮಾಡಿದ ಕ್ರೌರ್ಯವನ್ನು ಮರೆಯದೆಯೇ ಈ ಮಾತನ್ನು ಹೇಳಬೇಕು. ಇಂಥ ಮನೆಗಳ ಇಂದಿನ ಗಂಡುಮಕ್ಕಳ ವೈ ಪರೀಕ್ಷೆ ಮಾಡಿದರೆ ಮೂಲಪುರುಷನೊಡನೆ ಹೊಂದುವುದಿಲ್ಲ, ಆದರೂ ಊರು, ಮಠ, ದಾಯಾದಿಗಳು, ಕಾನೂನು ಎಲ್ಲರೂ ಒಪ್ಪಿದ ವಂಶಸ್ಥರು ಅವರೇ.

ಕಿತ್ತೂರಿನ ಇತಿಹಾಸ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ, ಅವನು ತೆಗೆದುಕೊಂಡಿದ್ದ ದತ್ತಕವನ್ನು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಯುದ್ಧವಾಗಿ ಥ್ಯಾಕರೆ ಸತ್ತ. ಚೆನ್ನಮ್ಮ ಹೋರಾಡಿದ್ದು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗಾಗಿ ಅಲ್ಲ. ರಾಯಣ್ಣ ದಂಡು ಕಟ್ಟಿದ್ದು ದತ್ತಕಪುತ್ರ ಶಿವಲಿಂಗಪ್ಪನನ್ನು ಗಾದಿಗೆ ಕೂರಿಸುವುದಕ್ಕಾಗಿ. ಆ ಕಾಲದಲ್ಲಿ ಡಿಎನ್‌ಎ ಪರೀಕ್ಷೆ ಇದ್ದಿದ್ದರೆ ಅದು ಕಂಪನಿ ಸರಕಾರದ ವಾದಕ್ಕೆ ಸಾಕ್ಷಿಯಾಗುತ್ತಿತ್ತು. ಕಿತ್ತೂರಿನ ಪರಂಪರೆಯನ್ನು ರಕ್ತದಿಂದ ಮಾತ್ರ ಅಳೆಯಲು ಹೊರಡುವವರು ತಾವು ಯಾರ ಪಕ್ಷದ ವಾದವನ್ನು ಎತ್ತಿಹಿಡಿಯುತ್ತಿದ್ದೇವೆ ಎಂದು ಯೋಚಿಸಬೇಕು.

ಹೆಳವರ ಹೊತ್ತಿಗೆ

ಡಿಎನ್‌ಎಗೆ ಅರ್ಥ ಬರಬೇಕಾದರೆ ಅದರ ಪಕ್ಕದಲ್ಲಿ ಒಂದು ವಂಶಾವಳಿ ಇರಬೇಕು. ಇಟಲಿಯಲ್ಲಿ ಅದು ಚರ್ಚು ಮತ್ತು ನಗರಸಭೆಗಳ ದಾಖಲೆಗಳಿಂದ ಬಂತು. ನಮ್ಮಲ್ಲಿ ಅದಕ್ಕೆ ಸಮನಾದದ್ದು ಹೆಳವರ ಹೊತ್ತಿಗೆ. ಕೆಲವು ವರ್ಷಕ್ಕೊಮ್ಮೆ ಹೆಳವರು ತಮ್ಮ ಪಾಲಿಗೆ ಬಂದ ಊರುಗಳಿಗೆ ಬರುತ್ತಾರೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದವರು ಈಗ ವಾಹನಗಳಲ್ಲಿ ಬರುತ್ತಾರೆ. ಮನೆಯ ಮುಂದೆ ನಿಂತು, ಮನೆತನ ಯಾವ ಊರಿನಿಂದ ಹೊರಟು ಎಲ್ಲೆಲ್ಲಿ ನೆಲೆಸಿತು, ಯಾರಿಗೆ ಎಷ್ಟು ಮಕ್ಕಳು, ಯಾವ ಕವಲು ಎಲ್ಲಿ ಒಡೆಯಿತು ಎಂದು ಹೆಸರು ಹಿಡಿದು ಓದುತ್ತಾರೆ. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು, ಹಣ, ಕೆಲವೊಮ್ಮೆ ಆಕಳನ್ನು ಪಡೆದು ಮುಂದಕ್ಕೆ ಹೋಗುತ್ತಾರೆ.

ಈ ದಾಖಲೆಗೂ ಕೊರತೆಗಳಿವೆ. ಹೆಣ್ಣುಮಕ್ಕಳ ಹೆಸರು ಅದರಲ್ಲಿ ಕಡಿಮೆ. ಹೆಳವರ ಸುತ್ತಾಟಕ್ಕೆ ಸೇರದ ಸಮುದಾಯಗಳಿಗೆ ಹೊತ್ತಿಗೆಯೇ ಇಲ್ಲ. ದಾನ ಕೊಡುವವರ ಮುಂದೆ ಓದುವ ವಂಶಾವಳಿಯಲ್ಲಿ ಹೊಗಳಿಕೆ ಸೇರಿಕೊಳ್ಳುವ ಸಾಧ್ಯತೆಯೂ ಇದೆ. ಡಿಎನ್‌ಎ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ಇನ್ನೂರು ವರ್ಷದ ಹಿಂದೆ ಅಣ್ಣತಮ್ಮಂದಿರು ಬೇರೆಯಾಗಿ ಒಬ್ಬನ ಕವಲು ಗೋಕಾಕದ ಕಡೆಗೆ, ಇನ್ನೊಬ್ಬನದು ಜಮಖಂಡಿಯ ಕಡೆಗೆ ಹೋಯಿತು ಎಂದು ಹೊತ್ತಿಗೆ ಹೇಳಿದರೆ, ಎರಡೂ ಕವಲಿನ ಒಬ್ಬೊಬ್ಬ ಪುರುಷನ ಪೂರ್ಣ ವೈ ಕ್ರೋಮೋಸೋಮನ್ನು ಓದಿಸಿ ನೋಡಬಹುದು. ಅದರಲ್ಲಿ ಸರಾಸರಿ ಎರಡು ಮೂರು ತಲೆಮಾರಿಗೊಂದು ಸಣ್ಣ ಬದಲಾವಣೆ ಆಗುವುದರಿಂದ, ಎರಡು ಕವಲು ಒಡೆದ ಕಾಲವನ್ನೂ ಸ್ಥೂಲವಾಗಿ ಅಂದಾಜು ಮಾಡಲು ಬರುತ್ತದೆ. ಸಮಾಧಿಯನ್ನು ಮುಟ್ಟಬೇಕಾಗಿಲ್ಲ. ಲಿಯೊನಾರ್ಡೊನ ವಂಶದಲ್ಲಿ ನಡೆದ ಪರೀಕ್ಷೆಯೂ ಇದೇ ರೀತಿಯದು.

ನ್ಯಾಯಾಲಯ ಏನು ಹೇಳುತ್ತದೆ

ವಂಶ ಸಾಬೀತಾದರೆ ಆಸ್ತಿ ಅಥವಾ ಸೌಲಭ್ಯ ಸಿಗುತ್ತದೆ ಎಂಬ ನಿರೀಕ್ಷೆ ಹಲವರಲ್ಲಿದೆ. ಮುಧೋಳ, ಜಮಖಂಡಿ, ರಾಮದುರ್ಗ ಸಂಸ್ಥಾನಗಳು 1948ರಲ್ಲಿ ವಿಲೀನವಾದವು, ರಾಜಧನ 1971ರಲ್ಲಿ ರದ್ದಾಯಿತು, ವತನಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಕೊನೆಗೊಳಿಸಿತು. ಎಂಟನೆಯ ತಲೆಮಾರಿನ ರಕ್ತಸಂಬಂಧದಿಂದ ಇಂದು ಹುಟ್ಟುವ ಆಸ್ತಿಹಕ್ಕು ಇಲ್ಲವೆನ್ನುವಷ್ಟು ಅಪರೂಪ. ಉತಾರದಲ್ಲಿ ಹೆಸರು ಸೇರಿಸಲು ಕೇಳುವ ವಂಶಾವಳಿ ಪತ್ರಕ್ಕೂ ಡಿಎನ್‌ಎಗೂ ಸಂಬಂಧವಿಲ್ಲ.

ಹತ್ತಿರದ ಸಂಬಂಧಗಳಲ್ಲಿಯೂ ಭಾರತದ ಕಾನೂನು ಡಿಎನ್‌ಎಯನ್ನು ಕೊನೆಯ ಮಾತೆಂದು ಪರಿಗಣಿಸಿಲ್ಲ. ಮದುವೆ ಊರ್ಜಿತವಿದ್ದಾಗ ಹುಟ್ಟಿದ ಮಗು ಆ ಗಂಡನ ಮಗುವೇ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯ ಕಲಂ ಭಾವಿಸುತ್ತದೆ. ಆಸ್ತಿ ವ್ಯಾಜ್ಯವೊಂದರಲ್ಲಿ, ಬೇರೆ ಸಾಕ್ಷ್ಯ ಇರುವಾಗ ಒಲ್ಲೆನೆಂದವನನ್ನು ಡಿಎನ್‌ಎ ಪರೀಕ್ಷೆಗೆ ಒತ್ತಾಯಿಸಬಾರದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಖಾಸಗಿತನದ ಹಕ್ಕು ಅದಕ್ಕೆ ಒಂದು ಆಧಾರ. ದತ್ತಕದ ವಿಷಯದಲ್ಲಿ 1956ರ ಹಿಂದೂ ದತ್ತಕ ಕಾಯ್ದೆ ಇನ್ನೂ ಸ್ಪಷ್ಟ: ದತ್ತಕವಾದ ದಿನದಿಂದ ಮಗು ಆ ಮನೆಯ ಮಗುವೇ.

ಬೇಕೆನ್ನುವವರ ವಾದ, ಬೇಡವೆನ್ನುವವರ ಆತಂಕ

ಪರೀಕ್ಷೆ ಬೇಕು ಎನ್ನುವವರಲ್ಲಿ ಹೆಮ್ಮೆಗಾಗಿ ಕೇಳುವವರು ಮಾತ್ರ ಇಲ್ಲ. ದಾಖಲೆಗಳು ಯಾರನ್ನು ಬಿಟ್ಟುಬಿಟ್ಟವೋ ಅವರಿಗೆ ದೇಹವೇ ದಾಖಲೆ ಎಂಬ ವಾದಕ್ಕೆ ತೂಕವಿದೆ. ಸವದತ್ತಿ ಎಲ್ಲಮ್ಮನಿಗೆ ಬಿಟ್ಟ ತಾಯಂದಿರ ಮಕ್ಕಳು ತಲೆಮಾರುಗಳ ಕಾಲ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟು ಅವಮಾನ ಅನುಭವಿಸಿದ್ದಾರೆ. ಅವರಿಗೆ ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕು ಸಿಗಬೇಕೆಂಬ ಬೇಡಿಕೆ ನ್ಯಾಯವಾದದ್ದು. 2025ರಲ್ಲಿ ರಾಜ್ಯ ವಿಧಾನಮಂಡಲ ಅಂಗೀಕರಿಸಿದ ದೇವದಾಸಿ ಪದ್ಧತಿ ನಿಷೇಧದ ಹೊಸ ಮಸೂದೆ ಈ ವಿಷಯವನ್ನು ಕೈಗೆತ್ತಿಕೊಂಡಿತು. ತಂದೆ ಮಗುವಿನ ನಡುವೆ ಪರೀಕ್ಷೆ ಅತ್ಯಂತ ಖಚಿತ. ಅದರ ಆ ಖಚಿತತೆಯನ್ನು ಎಂಟು ತಲೆಮಾರಿನ ಹಿಂದಕ್ಕೂ ಹಿಗ್ಗಿಸುವುದು ತಪ್ಪು, ಎಂಟು ತಲೆಮಾರಿನ ಹಿಂದಿನ ಅನಿಶ್ಚಿತತೆಯನ್ನು ತೋರಿಸಿ ಈ ಮಕ್ಕಳ ಹಕ್ಕನ್ನು ತಳ್ಳಿಹಾಕುವುದು ಅದಕ್ಕಿಂತ ದೊಡ್ಡ ತಪ್ಪು.

ಬೇಡ ಎನ್ನುವವರ ಆತಂಕ ಎರಡು ಬಗೆಯದು. ಮೊದಲನೆಯದು ಸಮಾಧಿಗಳದು. ಪೂಜೆಗೊಳ್ಳುವ ಗದ್ದುಗೆಯನ್ನು ಒಂದು ಮನೆತನದ ಕುತೂಹಲಕ್ಕಾಗಿ ಅಗೆಯುವುದು ಭಕ್ತರಿಗೆ ಮಾಡುವ ನೋವು ಮಾತ್ರವಲ್ಲ, ಸಂರಕ್ಷಿತ ಸ್ಮಾರಕವಾಗಿದ್ದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅಪರಾಧವೂ ಹೌದು. ಎರಡನೆಯದು, ಡಿಎನ್‌ಎಯ ಹೆಸರಿನಲ್ಲಿ ಜಾತಿಯ ಶುದ್ಧಿಯನ್ನು ಅಳೆಯುವ ಆಟ ಶುರುವಾಗುತ್ತದೆ ಎಂಬುದು. ವೈ ಕ್ರೋಮೋಸೋಮಿನ ಒಂದು ಬಗೆಯನ್ನು ಹಿಡಿದು ಇವರು ಮೂಲದವರು, ಅವರು ಹೊರಗಿನವರು ಎಂದು ಬರೆಯುವವರು ಈಗಾಗಲೇ ಇದ್ದಾರೆ. ಅದೇ ಬಗೆಗಳು ಎಲ್ಲ ಜಾತಿಗಳಲ್ಲೂ ಬೇರೆಬೇರೆ ಪ್ರಮಾಣದಲ್ಲಿ ಹರಡಿಕೊಂಡಿರುವುದರಿಂದ ಆ ಮಾತಿಗೆ ವಿಜ್ಞಾನದ ಆಧಾರವಿಲ್ಲ.

ಮುಂದೆ ಆಗಬಹುದಾದದ್ದು

ಪರೀಕ್ಷೆಯ ಬೆಲೆ ಇಳಿದಂತೆ ಹೆಚ್ಚು ಕುಟುಂಬಗಳು ಮಾಡಿಸಿಕೊಳ್ಳುತ್ತವೆ. ಹಿರಿಯರ ಬಗ್ಗೆ ಕೇಳಿದ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದೆ, ಕೇಳದೇ ಇದ್ದ ಹತ್ತಿರದ ಸಂಗತಿಗಳು ಹೊರಬೀಳುವುದೇ ಹೆಚ್ಚಾಗಬಹುದು: ಅಣ್ಣತಮ್ಮಂದಿರಲ್ಲಿ ತಂದೆ ಬೇರೆ ಎಂಬುದು, ಹೇಳದೆ ಇಟ್ಟಿದ್ದ ದತ್ತಕ, ಎರಡನೆಯ ಸಂಸಾರ. ಇದರ ಭಾರ ಬೀಳುವುದು ಬಹುತೇಕ ಹೆಂಗಸರ ಮೇಲೆ, ಅದರಲ್ಲೂ ತಮ್ಮ ಪರವಾಗಿ ಮಾತಾಡಲು ಈಗ ಇಲ್ಲದ ಅಜ್ಜಿ ಮುತ್ತಜ್ಜಿಯರ ಮೇಲೆ.

ಮಾಹಿತಿಯ ಭದ್ರತೆಯೂ ಚಿಂತೆಯ ವಿಷಯ. ಅಮೆರಿಕದ 23ಆಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಕಳವಾಯಿತು. 2025ರ ಮಾರ್ಚಿನಲ್ಲಿ ಅದು ದಿವಾಳಿ ಅರ್ಜಿ ಸಲ್ಲಿಸಿದಾಗ, ಕೂಡಿಟ್ಟ ಡಿಎನ್‌ಎ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆ ಎದ್ದಿತು. ಭಾರತದಲ್ಲಿ ಡಿಎನ್‌ಎ ತಂತ್ರಜ್ಞಾನ ನಿಯಂತ್ರಣ ಮಸೂದೆಯನ್ನು ಕೇಂದ್ರ ಸರಕಾರ 2023ರಲ್ಲಿ ಹಿಂದಕ್ಕೆ ಪಡೆದಿದೆ. ಅದೇ ವರ್ಷದ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಮಾಹಿತಿ ಕೊಟ್ಟ ವ್ಯಕ್ತಿಯ ಒಪ್ಪಿಗೆಯ ಸುತ್ತ ಕಟ್ಟಿದ್ದು. ಡಿಎನ್‌ಎಯಲ್ಲಿ ಒಬ್ಬನ ಒಪ್ಪಿಗೆ ಸಾಲುವುದಿಲ್ಲ, ಏಕೆಂದರೆ ಒಬ್ಬ ಅಣ್ಣ ಪರೀಕ್ಷೆ ಮಾಡಿಸಿದರೆ ತಮ್ಮಂದಿರ, ಅಕ್ಕತಂಗಿಯರ, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳ ಗುಟ್ಟಿನ ಒಂದು ಪಾಲು ಅವರಿಗೆ ಗೊತ್ತಿಲ್ಲದೆ ಹೊರಗೆ ಹೋಗಿರುತ್ತದೆ. ಆದ್ದರಿಂದ ಇಂಥ ಪರೀಕ್ಷೆಗೆ ಹೊರಡುವ ಮನೆತನದವರು ಎರಡೂ ಕವಲಿನ ಹಿರಿಯರನ್ನು ಕೂಡಿಸಿ, ಫಲಿತಾಂಶ ಹೊಂದದಿದ್ದರೆ ಅದನ್ನು ಯಾರಿಗೆ ತಿಳಿಸುವುದು, ಯಾರಿಗೆ ತಿಳಿಸದೆ ಇರುವುದು, ಮಾದರಿಯನ್ನು ಆಮೇಲೆ ನಾಶಮಾಡಿಸುವುದೋ ಇಲ್ಲವೋ ಎಂಬುದನ್ನು ಮೊದಲೇ ಕಾಗದದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿಕೊಳ್ಳಬೇಕು.